ಮೋಟಾರ್ ಬೇಕಾದ್ದಕ್ಕಿಂತ ದೊಡ್ಡದಿದೆಯೇ? ಮೊದಲು ಲೋಡ್ ಅಳೆಯಿರಿ

ನೇಮ್‌ಪ್ಲೇಟ್ ಮೇಲೆ 7.5 ಕಿಲೋವ್ಯಾಟ್ ಎಂದಿದ್ದರೆ ಅದು ಶಾಫ್ಟ್‌ನಲ್ಲಿ ಸಿಗಬಲ್ಲ ಶಕ್ತಿ. ಮೋಟಾರ್ ಎಳೆಯುವುದು ಲೋಡಿಗೆ ಬೇಕಾದಷ್ಟು ವಿದ್ಯುತ್, ಮೇಲೆ ತನ್ನ ನಷ್ಟ. ಆ ನಷ್ಟದಲ್ಲಿ ಕೋರ್ (ಒಳಗಿನ ಕಬ್ಬಿಣದ ತಿರುಳು), ಬೇರಿಂಗ್, ಫ್ಯಾನಿನ ಪಾಲು ಲೋಡ್ ಇಳಿದರೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದ್ದರಿಂದ ಇಂಡಕ್ಷನ್ ಮೋಟಾರಿನ ದಕ್ಷತೆ ಸಾಮಾನ್ಯವಾಗಿ 75% ಲೋಡಿನ ಆಸುಪಾಸಿನಲ್ಲಿ ಅತಿ ಹೆಚ್ಚು. 50%ಕ್ಕಿಂತ ಕೆಳಗೆ, ಅದರಲ್ಲೂ ಸಣ್ಣ ಮೋಟಾರುಗಳಲ್ಲಿ, ಕುಸಿಯತೊಡಗುತ್ತದೆ. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಅದಕ್ಕೂ ಮೊದಲೇ ಬೀಳುತ್ತದೆ.

ಬರೀ ಆಂಪಿಯರ್ ನೋಡಿ ಲೋಡ್ ನಿರ್ಧರಿಸಬೇಡಿ. ಖಾಲಿ ಓಡುವ ಮೋಟಾರೂ ತನ್ನ ಕಾಂತಕ್ಷೇತ್ರ ಕಟ್ಟಿಕೊಳ್ಳಲು ಮ್ಯಾಗ್ನೆಟೈಸಿಂಗ್ ಕರೆಂಟ್ ಎಳೆಯುತ್ತದೆ, ಹಾಗಾಗಿ ಕಡಿಮೆ ಲೋಡಿನಲ್ಲಿ ಆ ಅಂಕಿ ದಾರಿ ತಪ್ಪಿಸುತ್ತದೆ. ಕಿಲೋವ್ಯಾಟ್ ತೋರಿಸುವ ಕ್ಲ್ಯಾಂಪ್ ಮೀಟರ್ ಹಾಕಿ, ಯಂತ್ರ ಅತಿ ಹೆಚ್ಚು ದುಡಿಯುವ ಹೊತ್ತನ್ನೂ ಸೇರಿಸಿ ಅಳೆಯಿರಿ. ಅಳತೆಗೆ ಸಿಕ್ಕ ಕಿಲೋವ್ಯಾಟನ್ನು ಆ ಲೋಡಿನ ದಕ್ಷತೆಯಿಂದ ಗುಣಿಸಿ, ನೇಮ್‌ಪ್ಲೇಟ್ ಕಿಲೋವ್ಯಾಟಿನಿಂದ ಭಾಗಿಸಿದರೆ ಲೋಡ್ ಸಿಗುತ್ತದೆ.

ಹಳೆಯ 7.5 ಕಿಲೋವ್ಯಾಟ್ ಮೋಟಾರ್ 3.3 ಕಿಲೋವ್ಯಾಟ್ ಎಳೆಯುತ್ತಿದೆ, ಆ ಲೋಡಿನಲ್ಲಿ ದಕ್ಷತೆ 82% ಎನ್ನೋಣ. ಶಾಫ್ಟ್‌ಗೆ ತಲುಪುವುದು 2.7 ಕಿಲೋವ್ಯಾಟ್, ಅಂದರೆ 36% ಲೋಡ್. ಅದರ ಜಾಗಕ್ಕೆ 88% ದಕ್ಷತೆಯ 3.7 ಕಿಲೋವ್ಯಾಟ್ ಮೋಟಾರ್ ಬಂದರೆ ಲೋಡ್ 73% ಆಗುತ್ತದೆ, ಎಳೆತ ಸುಮಾರು 3.07ಕ್ಕೆ ಇಳಿಯುತ್ತದೆ. ವರ್ಷಕ್ಕೆ 4000 ಗಂಟೆ ಓಡಿದರೆ ಉಳಿತಾಯ 900 ಯೂನಿಟ್ ಚಿಲ್ಲರೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ಓಡುವ ಮೋಟಾರಿಗಾಗಿ ಈ ತಲೆನೋವು ಬೇಡ.

ಅರ್ಧಕ್ಕಿಂತ ಹೆಚ್ಚು ಲೋಡಿದ್ದರೆ ಬದಲಿಸಲು ಅವಸರ ಬೇಡ. ಮೋಟಾರ್ ದೊಡ್ಡದಾದಷ್ಟೂ ಅದರ ಮೂಲ ದಕ್ಷತೆಯೇ ಹೆಚ್ಚು: 4 ಪೋಲ್, 50 ಹರ್ಟ್ಸ್ ಐಇ3 (ಅಂತರರಾಷ್ಟ್ರೀಯ ದಕ್ಷತಾ ಮಾನದಂಡದ ಒಂದು ಮೆಟ್ಟಿಲು) ದರ್ಜೆಯಲ್ಲಿ 0.75 ಕಿಲೋವ್ಯಾಟಿಗೆ 82.5%, 7.5ಕ್ಕೆ 90.4%, 75ಕ್ಕೆ 95%. ಕ್ರಷರ್, ತುಂಬಿದ ಕನ್ವೇಯರ್‌ನಂಥವುಗಳಿಗೆ ಹೆಚ್ಚು ಸ್ಟಾರ್ಟಿಂಗ್ ಟಾರ್ಕ್ (ಶುರುವಿನಲ್ಲಿ ತಿರುಗಿಸುವ ಬಲ) ಬೇಕು; ಅಲ್ಲಿ ಸಣ್ಣದು ಮೇಲೇಳದೇ ಇರಬಹುದು, ವೈಂಡಿಂಗ್ ಸುಡಬಹುದು.

ಪಂಪು, ಫ್ಯಾನುಗಳಲ್ಲಿ ಇನ್ನೊಂದು ಪೇಚು. ದಕ್ಷ ಮೋಟಾರಿಗೆ ಸಾಮಾನ್ಯವಾಗಿ ಸ್ಲಿಪ್ (ಕಾಂತಕ್ಷೇತ್ರದ ವೇಗಕ್ಕಿಂತ ಮೋಟಾರ್ ಹಿಂದೆ ಬೀಳುವ ಪ್ರಮಾಣ) ಕಡಿಮೆ, ಅಂದರೆ ವೇಗ ಹೆಚ್ಚು. ಫ್ಯಾನಿನ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ನಿಮಿಷಕ್ಕೆ 1440ರ ಬದಲು 1465 ಸುತ್ತು ಓಡಿದರೆ ಲೋಡ್ ಸುಮಾರು 5% ಜಾಸ್ತಿ. ಉಳಿತಾಯದ ಬಹುಪಾಲು ಅಲ್ಲೇ ಹೋಯಿತು. ಬೆಲ್ಟ್ ಇದ್ದರೆ ಪುಲ್ಲಿ ಅಳತೆ ಬದಲಿಸಿ ಹಳೆಯ ವೇಗಕ್ಕೆ ತನ್ನಿ.

ಬದಲಿಸಿದ ದಿನವೇ ಓವರ್‌ಲೋಡ್ ರಿಲೇಯನ್ನು (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ) ಹೊಸ ನೇಮ್‌ಪ್ಲೇಟ್ ಕರೆಂಟಿಗೆ ಸೆಟ್ ಮಾಡಿ. 14 ಆಂಪಿಯರ್‌ಗೆ ಬಿಟ್ಟ ರಿಲೇ, 7 ಆಂಪಿಯರ್ ಮೋಟಾರ್ ಹೊಗೆಯಾಡಿದರೂ ಟ್ರಿಪ್ ಆಗದೇ ಇರಬಹುದು.