ಬಳ್ಳಾರಿಯಿಂದ ಜಾಕಿ ಆಗಬೇಕಾ? ಮೊದಲು ತಕ್ಕಡಿ ಹತ್ತಿ

‘ಅಣ್ಣಾ, ದುಬೈನಲ್ಲಿ ರೇಸ್ ಕುದುರೆ ಓಡಿಸಬೇಕು, ಏನು ಮಾಡಲಿ?’ ಅಂತ ನಮ್ಮ ಓಣಿಯ ಹುಡುಗರು ಕೇಳುತ್ತಾರೆ. ತಕ್ಕಡಿ ಹತ್ತು ಅನ್ನುತ್ತೇನೆ. ನಾನು ಬೆಂಗಳೂರಿನ ಒಂದು ಲಾಯದಲ್ಲಿ ಎರಡು ವರ್ಷ ಲದ್ದಿ ಬಾಚಿ, ಉದ್ದ ಬೆಳೆದು, ಅರವತ್ತು ಕೆಜಿ ದಾಟಿ, ಸುಮ್ನೆ ಊರಿಗೆ ವಾಪಸ್ ಬಂದವನು. ಆದ್ದರಿಂದ ಏನು ಮಾಡಬಾರದು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ನಮ್ಮಲ್ಲಿ ಕುದುರೆ ಹೊರುವ ಭಾರ ಹೆಚ್ಚುಕಡಿಮೆ 50ರಿಂದ 60 ಕೆಜಿ, ಅದರಲ್ಲಿ ಜೀನೂ ಸೇರಿತು. ರೇಸಿಗೆ ಮೊದಲು ಜಾಕಿ ಜೀನು ತಬ್ಬಿಕೊಂಡೇ ತಕ್ಕಡಿ ಮೇಲೆ ನಿಲ್ಲುತ್ತಾನೆ. ಆ ರೇಸಿಗೆ ಗೊತ್ತುಮಾಡಿದ ಭಾರಕ್ಕಿಂತ ಕಡಿಮೆ ಬಿದ್ದರೆ ಸೀಸದ ತಗಡು ಸೇರಿಸುತ್ತಾರೆ. ಗೆದ್ದು ಬಂದ ಮೇಲೂ ಬೆವರು ಸುರಿಯುತ್ತಿರುವಾಗಲೇ ಮತ್ತೆ ತೂಗುತ್ತಾರೆ, ಆಗ ಭಾರ ಕಡಿಮೆ ಬಂದರೆ ಗೆಲುವೇ ಹೋಗಬಹುದು. ನಿಮ್ಮಪ್ಪ ಆರಡಿ ಇದ್ದರೆ ಈ ಆಸೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಉಪವಾಸ ಮಾಡಿ ತೂಕ ಇಳಿಸುವುದಂತೂ ಬೇಡವೇ ಬೇಡ, ತಲೆ ಸುತ್ತುವವನ ಕೈಯಲ್ಲಿ ಲಗಾಮು ನಿಲ್ಲಲ್ಲ. ರೊಟ್ಟಿ, ಕಾಳುಪಲ್ಯ ತಿನ್ನಿ. ಸಂಜೆಯ ಒಗ್ಗರಣೆ-ಮಿರ್ಚಿ ಬಿಡಿ, ಅದೇ ಕಷ್ಟ!

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಎರಡು ಇಟ್ಟಿಗೆ ಮೇಲೆ ಪಾದದ ಮುಂಭಾಗ ಮಾತ್ರ ಊರಿ, ಮೊಣಕಾಲು ಮಡಿಸಿ, ಬೆನ್ನು ಬಗ್ಗಿಸಿ, ಕಿಟಕಿ ಸರಳಿಗೆ ಕಟ್ಟಿದ ಟವೆಲ್ ಹಿಡಿದು ನಿಲ್ಲಿ. ಜಾಕಿ ಜೀನಿನ ಮೇಲೆ ಕೂರುವುದಿಲ್ಲ, ಕಾಲಿಡುವ ರಿಕಾಪಿನ ಮೇಲೆ ಹೀಗೇ ತೂಗಿಕೊಂಡಿರುತ್ತಾನೆ. 1200 ಮೀಟರ್ ರೇಸ್ ಒಂದೂಕಾಲು ನಿಮಿಷದೊಳಗೆ ಮುಗಿಯುತ್ತದೆ. ನನಗೆ ಮೊದಲ ದಿನ ನಲವತ್ತು ಸೆಕೆಂಡಿಗೇ ತೊಡೆ ನಡುಗಿತ್ತು.

ಆಮೇಲೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ. ಬೆಂಗಳೂರು, ಮೈಸೂರು ಎರಡೂ ರೇಸ್‌ಕೋರ್ಸ್‌ಗೆ ಅದೊಂದೇ ರೈಲು ಸಾಕು. ಅಪ್ರೆಂಟಿಸ್, ಅಂದರೆ ಕಲಿಯುವ ಹುಡುಗ, ಆಗಿ ಯಾವಾಗ ತಗೊಳ್ಳುತ್ತಾರೆ, ವಯಸ್ಸು ಎಷ್ಟಿರಬೇಕು ಅಂತ ರೇಸ್ ಕ್ಲಬ್ ಆಫೀಸಿನಲ್ಲೇ ಕೇಳಿ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಮೊದಮೊದಲು ಸವಾರಿ ಕನಸೇ, ಬೆಳಗಿನ ಜಾವ ಎದ್ದು ಲಾಯ ಗುಡಿಸಬೇಕು, ಕುದುರೆ ಮೈ ಉಜ್ಜಬೇಕು. ಲೈಸೆನ್ಸ್ ಬಂದ ಮೇಲೆ ಹೊಸಬರಿಗೆ ಭಾರದಲ್ಲಿ ರಿಯಾಯಿತಿ ಇದೆ, ಗೆಲುವು ಹೆಚ್ಚಿದಂತೆ ಅದು ಕರಗುತ್ತದೆ. ಅಲ್ಲೇ ಬಹಳ ಹುಡುಗರು ಕಾಣೆಯಾಗುತ್ತಾರೆ.

ಇನ್ನು ಫಾರಿನ್. ಜಾಕಿ ಫ್ರಾಂಕಿ ಡೆಟ್ಟೋರಿ 1996ರಲ್ಲಿ ಇಂಗ್ಲೆಂಡಿನ ಆಸ್ಕಟ್ ರೇಸ್‌ಕೋರ್ಸ್‌ನಲ್ಲಿ ಒಂದೇ ದಿನ ಏಳಕ್ಕೆ ಏಳೂ ರೇಸ್ ಗೆದ್ದದ್ದು ಎಲ್ಲರಿಗೂ ನೆನಪು. ಆದರೆ ಇಟಲಿಯ ಆ ಹುಡುಗ ಹದಿನಾಲ್ಕಕ್ಕೇ ಇಂಗ್ಲೆಂಡಿನ ನ್ಯೂಮಾರ್ಕೆಟ್‌ಗೆ ಹೋಗಿ ಅಲ್ಲಿನ ಲಾಯದಲ್ಲಿ ಅಪ್ರೆಂಟಿಸ್ ಆಗಿದ್ದ. ಬ್ರೆಜಿಲ್‌ನ ಜೊವಾವ್ ಮೊರೇರಾ ಸಿಂಗಪುರದಲ್ಲಿ ಹೆಸರು ಮಾಡಿ ನಂತರ ಹಾಂಗ್‌ಕಾಂಗ್‌ಗೆ ಹೋದ. ಹೊರದೇಶದಲ್ಲಿ ಓಡಿಸಲು ನಿಮ್ಮ ಕ್ಲಬ್ಬಿನ ಕ್ಲಿಯರೆನ್ಸ್ ಪತ್ರ ಬೇಕು, ಅಲ್ಲಿನ ಲೈಸೆನ್ಸ್ ಬೇಕು, ಶಿಕ್ಷೆಯ ದಾಖಲೆಯನ್ನೂ ಕೆದಕುತ್ತಾರೆ. ಜಾಕಿ ಬೆಟ್ ಕಟ್ಟುವಂತಿಲ್ಲ, ಗೆಳೆಯನ ಹೆಸರಲ್ಲೂ ಬೇಡ. ಜೊತೆಗೆ ರೂಢಿ ಬದಲಾಗುತ್ತದೆ: ಹಾಂಗ್‌ಕಾಂಗ್‌ನ ಶಾ ಟಿನ್‌ನಲ್ಲಿ ಓಟ ಬಲಕ್ಕೆ, ದುಬೈನ ಮೇಡಾನ್‌ನಲ್ಲಿ ಎಡಕ್ಕೆ ತಿರುಗುತ್ತದೆ. ಬ್ರಿಟನ್ನಿನ ಫ್ಲಾಟ್ (ಬೇಲಿ ಹಾರಿಸದ) ರೇಸ್‌ಗಳಲ್ಲಿ 2023ರಿಂದ ಚಾಟಿ ಆರು ಸಲಕ್ಕಿಂತ ಜಾಸ್ತಿ ಬಳಸುವಂತಿಲ್ಲ.

ಇಂಗ್ಲಿಷ್ ಈಗಲೇ ಸ್ವಲ್ಪ ಕಲಿತುಕೊಳ್ಳಿ. ರೇಸ್ ನಿಯಮ ನೋಡಿಕೊಳ್ಳುವ ಸ್ಟೂವರ್ಡ್‌ಗಳು ಕರೆಸಿ ‘ಆ ತಿರುವಿನಲ್ಲಿ ಯಾಕೆ ಲಗಾಮು ಎಳೆದೆ’ ಅಂದಾಗ ಉತ್ತರ ನೀವೇ ಹೇಳಬೇಕು.