ಹೊಲಿಗೆ ಯಂತ್ರದ ಮೋಟಾರಿನಿಂದ ತಾಟೆಯ ವಯಸ್ಸು ಎಣಿಸಿದ್ದು

ಮಂಗಳೂರಿನ ಮೀನುಗಾರಿಕಾ ಬಂದರಾದ ದಕ್ಕೆಗೆ ಬರುವ ತಾಟೆ (ಶಾರ್ಕ್) ಮೀನುಗಳ ಬೆನ್ನುಮಣಿಯನ್ನು ತೆಳ್ಳಗೆ ಸೀಳಿ, ವಯಸ್ಸು ತಿಳಿಯಲು ಅದರೊಳಗಿನ ಉಂಗುರ ಎಣಿಸುತ್ತೇನೆ, ಸೀಳುವ ಯಂತ್ರವನ್ನೂ ನಾನೇ ಕಟ್ಟಿಕೊಳ್ಳುತ್ತೇನೆ ಎಂದು ಹೇಳಿದ ದಿನ ನಮ್ಮ ಪ್ರಯೋಗಾಲಯದಲ್ಲಿ ನಗದೆ ಉಳಿದವರು ಯಾರೂ ಇರಲಿಲ್ಲ. ವಜ್ರದ ಅಲಗಿನ ಮಂದಗತಿಯ ಗರಗಸಕ್ಕೆ ಬಂದ ಕೊಟೇಶನ್ ನನ್ನ ಒಂದೂವರೆ ವರ್ಷದ ಸಂಬಳಕ್ಕಿಂತ ಹೆಚ್ಚಿತ್ತು. ನನ್ನದೋ ಗುತ್ತಿಗೆಯ ಯೋಜನಾ ಸಹಾಯಕನ ಕೆಲಸ. ಎರಡು ವರ್ಷ ಕಳೆದು, ಕೈಯಿಂದ ಸುಮಾರು 11 ಸಾವಿರ ರೂಪಾಯಿ ಖರ್ಚಾದ ಮೇಲೆ ಸೀಳುಗಳು ಸರಿಯಾಗಿ ಬರತೊಡಗಿದ್ದರಿಂದ ಈಗ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲ ತಲೆನೋವು ಮಣಿಗಳನ್ನು ಸಂಪಾದಿಸುವುದೇ ಆಗಿತ್ತು. ಮೊದಲ ಬೆನ್ನುರೆಕ್ಕೆಯ ಕೆಳಗಿನ ಮಣಿಗಳೇ ಬೇಕೆಂಬುದು ನಮಗೆಲ್ಲ ಗೊತ್ತಿದ್ದರೂ, ಹರಾಜಿಗೆ ಮೊದಲು ಅಲ್ಲಿಗೆ ಚೂರಿ ಹಾಕಲು ಯಾವ ವ್ಯಾಪಾರಿಯೂ ಬಿಡುವುದಿಲ್ಲ. ಬಾಣಂತಿಯರಿಗೆಂದು ಕೇಳಿ ಒಯ್ಯುವ ಮರಿ ತಾಟೆಯಾದರೆ ಇಡೀ ಮೀನನ್ನೇ ಕೊಳ್ಳಬೇಕಾಗುತ್ತದೆ. ಹಾಗಾಗಿ ಮೊದಲ ನಾಲ್ಕು ತಿಂಗಳು ಮೀನು ಕೊಯ್ಯುವ ಹೆಂಗಸರು ತಲೆಯೊಂದಿಗೆ ಎಸೆಯುತ್ತಿದ್ದ ಕುತ್ತಿಗೆಯ ಮಣಿಗಳನ್ನೇ ಕೂಡಿಟ್ಟೆ. ಒಂದು ದಿನ ಒಂದೇ ಮೀನಿನ ಎರಡೂ ಕಡೆಯ ಮಣಿ ಸಿಕ್ಕಾಗ ಕುತ್ತಿಗೆಯದರಲ್ಲಿ ಮೂರು, ನಡುಬೆನ್ನಿನದರಲ್ಲಿ ನಾಲ್ಕು ಉಂಗುರ ಕಂಡವು, ಕೂಡಿಟ್ಟಿದ್ದ 60ಕ್ಕೂ ಹೆಚ್ಚು ಮಣಿಗಳು ಅಂದೇ ಕಸಕ್ಕೆ ಹೋದವು. ಆಮೇಲೆ ಹರಾಜಿಗೆ ಮೊದಲೇ ಉದ್ದ ಅಳೆದು, ಬಾಲಕ್ಕೆ ಬಣ್ಣದ ನೂಲು ಕಟ್ಟಿ, ಆ ಮೀನು ಯಾರ ಮಣೆಗೆ ಹೋಗುತ್ತದೆಯೋ ಅವರ ಹಿಂದೆಯೇ ಹೋಗುವ ಕ್ರಮ ಹಿಡಿದೆ. "ಈ ಎಲುಬು ತಗೊಂಡು ನೀವು ಎಂತ ಮಾಡುವುದು ಮಾರಾಯ್ರೆ?" ಎಂದು ಕೇಳುತ್ತಿದ್ದ ಅಕ್ಕ ಒಬ್ಬರು ಈಗ ನೂಲು ಕಂಡೊಡನೆ ನಡುಬೆನ್ನಿನ ತುಂಡನ್ನು ಬದಿಗೆ ಎತ್ತಿಡುತ್ತಾರೆ.

ಮಾಂಸ ಬಿಡಿಸಲು ಬ್ಲೀಚಿನಲ್ಲಿ ಇಡುವಾಗ ನಾನು ಕಳೆದುಕೊಂಡದ್ದು ಕಡಿಮೆಯಲ್ಲ. ರಾತ್ರಿ ನೆನೆಹಾಕಿ ಮನೆಗೆ ಹೋದ 30 ಮರಿ ತಾಟೆಗಳ ಮಣಿಗಳು ಬೆಳಿಗ್ಗೆ ಮುಟ್ಟಿದರೆ ಪುಡಿಯಾಗುವಂತಿದ್ದವು. ಅವಸರದಲ್ಲಿ ಬಿಸಿಲಿಗೆ ಹಾಕಿದ ಇನ್ನೊಂದು ಕಂತು ಬಿರುಕುಬಿಟ್ಟಿತು. ಸಣ್ಣ ಮಣಿಗೆ ಕಾಲು ಗಂಟೆ ಧಾರಾಳ ಸಾಕು, ಒಣಗಿಸುವುದು ನೆರಳಿನಲ್ಲೇ ಆಗಬೇಕು.

ಕೊಯ್ಯುವ ಮೊದಲು ಮಣಿಯನ್ನು ರೆಸಿನ್ನಿನೊಳಗೆ ಹುದುಗಿಸಿ ಅಚ್ಚು ಹಾಕಲು ಫೈಬರ್ ದೋಣಿ ದುರಸ್ತಿ ಮಾಡುವವರಿಂದ ರೆಸಿನ್ ಮತ್ತು ಹಾರ್ಡನರ್ ತಂದು, ಫ್ರಿಜ್ಜಿನ ಐಸ್ ಟ್ರೇಯಲ್ಲಿ ಸುರಿದೆ. ಮೇ ತಿಂಗಳ ಸೆಕೆಯಲ್ಲಿ ಅವರು ಹೇಳಿದಷ್ಟು ಹಾರ್ಡನರ್ ಹಾಕಿದರೆ ಅಚ್ಚು ಕಾದು ಸೀಳುತ್ತದೆ, ಅದರ ಅರ್ಧಕ್ಕಿಂತ ಕಡಿಮೆ ಹಾಕಿ ಎರಡು ದಿನ ಕಾಯಬೇಕು. ಕತ್ತರಿಸಲು ಗುಜರಿಯಿಂದ 650 ರೂಪಾಯಿಗೆ ತಂದ ಹೊಲಿಗೆ ಯಂತ್ರದ ಮೋಟಾರಿಗೆ ಹರಳು ಕೊಯ್ಯುವವರ ಎರಡು ವಜ್ರದ ಚಕ್ರಗಳನ್ನು, ನಡುವೆ ತೆಳುವಾದ ವಾಷರ್ ಇಟ್ಟು, ಒಟ್ಟಿಗೆ ಜೋಡಿಸಿದೆ. ಕಾಲಿನ ಪೆಡಲ್‌ನಿಂದ ವೇಗ ಹಿಡಿತದಲ್ಲಿರುತ್ತದೆ. ಒಂದೇ ಸಲಕ್ಕೆ ಅರ್ಧ ಮಿಲಿಮೀಟರಿಗಿಂತ ತುಸು ತೆಳುವಾದ ಸೀಳು ಹೊರಬರುತ್ತದೆ. ಮೊದಮೊದಲು ಚಕ್ರಗಳು ಅಲುಗಾಡಿ, ಸುಮಾರು 40 ಸೀಳುಗಳು ನಡುವಿನಲ್ಲೇ ಮುರಿದವು. ಆ ಅಲುಗಾಟವನ್ನು ನಿಲ್ಲಿಸಿದ ಉಪಾಯವನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ನಾನು ತೆತ್ತದ್ದು ಒಂದು ಇಡೀ ಮಳೆಗಾಲ.

ಸೀಳು ಸರಿಯಾಗಿ ಬಂದರೆ ಥೇಟ್ ಡಮರುವಿನಂತೆ ಕಾಣುತ್ತದೆ. ಉಂಗುರಗಳು ಅದರ ಸೊಂಟದಿಂದ ಎರಡೂ ಅಂಚಿಗೆ ಸಾಗುತ್ತವೆ. ಅವು ಎದ್ದು ಕಾಣಲೆಂದು ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿದರೆ ಎಲ್ಲವೂ ಶಾಯಿಯಲ್ಲಿ ಮುಳುಗಿದಂತಾಯಿತು, ಸಿಲ್ವರ್ ನೈಟ್ರೇಟ್ ಚೆನ್ನಾಗಿದ್ದರೂ ದುಬಾರಿಯಾಯಿತು. ಒಂದು ದಂತ ಚಿಕಿತ್ಸಾಲಯದಲ್ಲಿ ಫಿಲ್ಮಿಗೆ 150 ರೂಪಾಯಿಯಂತೆ ಆರು ಎಕ್ಸ್‌ರೇ ತೆಗೆಸಿದ್ದೂ ಉಂಟು. ಒಳ್ಳೆಯದು ಬಂದದ್ದು ಎರಡೇ. ಕೊನೆಗೆ 1200 ನಂಬರಿನ ನೀರುಕಾಗದದಲ್ಲಿ (ನೀರು ಹಾಕಿ ತಿಕ್ಕುವ ಮರಳುಕಾಗದ) ಉಜ್ಜಿ, ಬಣ್ಣವನ್ನೇ ಹಾಕದೆ, ಕೆಳಗಿನಿಂದ ಬೆಳಕು ಬಿಟ್ಟು ನೋಡಿದ್ದೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಎಣಿಕೆ ಶುರುಮಾಡಬೇಕಾದ ಹುಟ್ಟಿನ ಗುರುತು ಯಾವುದೆಂಬ ಗೊಂದಲವನ್ನು ಎದೆರೆಕ್ಕೆಗಳ ನಡುವೆ ಹೊಕ್ಕುಳ ಗಾಯ ಇನ್ನೂ ತೆರೆದಿದ್ದ ಮರಿಗಳು ಬಗೆಹರಿಸಿದವು: ಅವುಗಳ ಮಣಿಯ ಅಂಚು ಎಲ್ಲಿ ಮುಗಿಯುತ್ತದೆಯೋ ದೊಡ್ಡವುಗಳಲ್ಲಿ ಅಲ್ಲಿಯೇ ಕೋನ ಬದಲಾಗುತ್ತದೆ.

ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ಹಿರಿಯರೊಬ್ಬರಿಗೆ ಮೀನಿನ ಉದ್ದ ತಿಳಿಸದೆ 50 ಸ್ಲೈಡ್ ಕೊಟ್ಟೆ. ಅವರ ಎಣಿಕೆ 38ರಲ್ಲೋ 39ರಲ್ಲೋ ನನ್ನದರೊಂದಿಗೆ ಸರಿಹೊಂದಿತು, ಉಳಿದವುಗಳಲ್ಲಿ ಹೆಚ್ಚಿನವು ಒಂದು ಉಂಗುರದಷ್ಟೇ ಆಚೀಚೆ ಆಗಿದ್ದವು. ಅವರು ಮರುಮಾತಾಡದೆ ತಮ್ಮ ವಿದ್ಯಾರ್ಥಿಯನ್ನು ನನ್ನ ಬಳಿಗೆ ಕಳುಹಿಸಿದರು.

ಎಣಿಸಿದ ಮೇಲೆ ದಕ್ಕೆಯ ರಾಶಿ ಬೇರೆಯಾಗಿ ಕಾಣುತ್ತದೆ. ಸ್ಕೋಲಿಯೋಡಾನ್ ಜಾತಿಯ ಸಣ್ಣ ತಾಟೆ ಒಂದೆರಡು ವರ್ಷಕ್ಕೇ ಪ್ರಾಯಕ್ಕೆ ಬಂದು ಮರಿ ಹಾಕುವುದರಿಂದ, ಬಲೆಗೆ ಬಿದ್ದರೂ ಸ್ವಲ್ಪಮಟ್ಟಿಗೆ ಸುಧಾರಿಸಿಕೊಳ್ಳಬಲ್ಲದು. ರೆಕ್ಕೆಯ ತುದಿ ಕಪ್ಪಾಗಿರುವ ದೊಡ್ಡ ತಾಟೆಯ ಲೆಕ್ಕ ಹಾಗಲ್ಲ: ಹತ್ತು ಹನ್ನೆರಡು ತಿಂಗಳು ಗರ್ಭ ಹೊತ್ತು, ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ, ಕೆಲವೇ ಮರಿ ಹಾಕುತ್ತದೆ. ನನ್ನ ಕೈಗೆ ಬಂದ ಅಂಥವುಗಳಲ್ಲಿ ಮುಕ್ಕಾಲು ಪಾಲಿಗೆ ಎರಡು ಉಂಗುರ ದಾಟಿರಲಿಲ್ಲ. ಎರಡು ಮೀಟರ್ ಮೀರಿದ ಹೆಣ್ಣು ಸಿಕ್ಕಿದ್ದು ಒಂದೇ ಒಂದು; ಅದರ ಮಣಿಯಲ್ಲಿ 9 ಉಂಗುರಗಳಿದ್ದವು, ಹೊಟ್ಟೆಯಲ್ಲಿ ಮೊಳದುದ್ದದ 5 ಮರಿಗಳು.

ವರ್ಷಕ್ಕೊಂದೇ ಉಂಗುರ ಮೂಡುತ್ತದೆಯೆಂದು ತೋರಿಸಲು ಹನ್ನೆರಡೂ ತಿಂಗಳ ಮಣಿ ಬೇಕು. ಜೂನ್ ಮತ್ತು ಜುಲೈನ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ನನ್ನ ಪೆಟ್ಟಿಗೆಯಲ್ಲಿ ಆ ಎರಡು ಖಾನೆಗಳು ಹೆಚ್ಚುಕಡಿಮೆ ಖಾಲಿಯಾಗಿಯೇ ಉಳಿದಿವೆ. ಈ ಸಲ ನಾಡದೋಣಿಯವರಿಗೆ ಮೊದಲೇ ಹೇಳಿಟ್ಟು, ಒಂದು ತುಂಡಿಗೆ 50 ರೂಪಾಯಿ ಎಂದು ಮಾತಾಡಿ, ನೂಲಿನ ಉಂಡೆಯನ್ನೂ ಅಳತೆಪಟ್ಟಿಯನ್ನೂ ಅವರ ಕೈಗೇ ಕೊಟ್ಟಿದ್ದೇನೆ.