ಗ್ಯಾಲರಿ ಕೂಗಿದರೆ ಬಾಲ್ ರಿಂಗಿಗೆ ಬೀಳಲ್ಲ, ಆದರೂ ಕೂಗಬೇಕು

ನಾನು ಮೈಸೂರು ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಹುಡುಗರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. ಗೆಲ್ಲುವ ತಂಡಕ್ಕೆ ಜನ ತಾವಾಗೇ ಬರುತ್ತಾರೆ. ಸೋಲುತ್ತಲೇ ಇರುವ ತಂಡಕ್ಕೆ ಜನ ಸೇರಿಸಬೇಕು, ಸೇರಿದವರಿಂದ ತಂಡಕ್ಕೆ ಏನಾದರೂ ಪ್ರಯೋಜನ ಆಗಬೇಕು ಅಂದರೆ ಸ್ವಲ್ಪ ತಲೆ ಓಡಿಸಬೇಕಾಗುತ್ತದೆ. "ಜೋರಾಗಿ ಕೂಗಿ, ಹುಡುಗರಿಗೆ ಹುರುಪು ಬರುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಬರುತ್ತೆ, ನಿಜ. ಹುರುಪು ಬಂದ ಹುಡುಗ ಆಮೇಲೆ ಏನು ಮಾಡುತ್ತಾನೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹಾಫ್ ಲೈನ್ ದಾಟಿದ ತಕ್ಷಣ ರಿಂಗ್ ಕಡೆ ಬಾಲ್ ಎಸೆಯುತ್ತಾನೆ!

ನಮ್ಮ ತಂಡದ ಪರಿಸ್ಥಿತಿ ಹೇಳಿಬಿಡುತ್ತೇನೆ. ಎತ್ತರದ ಹುಡುಗರೆಲ್ಲ ಒಂದೇ ವರ್ಷ ಪಾಸಾಗಿ ಹೊರಟುಹೋದರು. ಉಳಿದವರು ಫಸ್ಟ್ ಇಯರ್‌ನವರು, ಖೋಖೋದಿಂದ ಒಬ್ಬ, ವಾಲಿಬಾಲ್‌ನಿಂದ ಇಬ್ಬರು. ಆ ವಾಲಿಬಾಲ್ ಹುಡುಗರಲ್ಲಿ ಒಬ್ಬ ರೀಬೌಂಡ್‌ಗೆ, ಅಂದರೆ ರಿಂಗಿಗೆ ಬೀಳದೆ ವಾಪಸ್ ಬರುವ ಬಾಲ್‌ಗೆ, ಎಲ್ಲರಿಗಿಂತ ಮೇಲೆ ಜಿಗಿಯುತ್ತಿದ್ದ, ಆದರೆ ಬಾಲ್ ಹಿಡಿಯುವ ಬದಲು ಅಭ್ಯಾಸಬಲದಿಂದ ತಟ್ಟಿಬಿಡುತ್ತಿದ್ದ. ಅದು ನೇರ ಎದುರಾಳಿ ಕೈಗೇ. ಹಾಸ್ಟೆಲ್ ಹಿಂದಿನ ಸಿಮೆಂಟ್ ಕೋರ್ಟ್, ಒಂದು ಬದಿಗೆ ಮೂರು ಮೆಟ್ಟಿಲಿನ ಗ್ಯಾಲರಿ, ಅದರ ಮೇಲೆ ಫೋನ್ ನೋಡುತ್ತಾ ಕೂತ ನಾಲ್ಕು ಜನ. ಇಷ್ಟೇ ನಮ್ಮ ಹೋಮ್ ಗ್ರೌಂಡ್.

ನಮ್ಮಲ್ಲಿ ಹೋಮ್ ಮ್ಯಾಚ್ ಅನ್ನುವುದೇ ಅಪರೂಪ. ಅಂತರ ಕಾಲೇಜು ಪಂದ್ಯಾವಳಿ ಅಂದರೆ ಯಾವುದೋ ಒಂದು ಕಾಲೇಜು ನಡೆಸುತ್ತದೆ, ಉಳಿದವರು ಬ್ಯಾಗ್ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಾರೆ, ನಾಕೌಟ್‌ನಲ್ಲಿ ಸೋತರೆ ಮಧ್ಯಾಹ್ನದ ಬಸ್ಸಿಗೇ ವಾಪಸ್. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಲೆಕ್ಕವೇ ಬೇರೆ. ಅಲ್ಲಿ ಇಡೀ ಚಳಿಗಾಲ ಸೀಸನ್, ಅದರಲ್ಲಿ ಎಷ್ಟೋ ಮ್ಯಾಚು ಸ್ವಂತ ಕ್ಯಾಂಪಸ್‌ನಲ್ಲೇ. ಡ್ಯೂಕ್ ಯೂನಿವರ್ಸಿಟಿಯ ಕ್ಯಾಮೆರಾನ್ ಒಳಾಂಗಣ 1940ರಲ್ಲಿ ಶುರುವಾದದ್ದು, ಹಿಡಿಸುವುದು 9,314 ಜನ. ಬದ್ಧ ಎದುರಾಳಿ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ ವಿರುದ್ಧದ ಮ್ಯಾಚಿಗಾಗಿ ವಿದ್ಯಾರ್ಥಿಗಳು ಹೊರಗೆ ಟೆಂಟ್ ಹಾಕಿ ವಾರಗಟ್ಟಲೆ ಮಲಗುತ್ತಾರೆ, ಒಳಗೆ ಬಂದರೆ ಸೈಡ್‌ಲೈನ್‌ಗೆ ಕೈ ತಗಲುವಷ್ಟು ಹತ್ತಿರ ನಿಲ್ಲುತ್ತಾರೆ. ಅಲ್ಲಿನ ಪುರುಷರ ಕಾಲೇಜು ಮ್ಯಾಚುಗಳಲ್ಲಿ ಸ್ವಂತ ಅಂಗಳದ ತಂಡ ಹೆಚ್ಚುಕಡಿಮೆ ಮೂರರಲ್ಲಿ ಎರಡು ಗೆಲ್ಲುತ್ತದೆ. ಕೋವಿಡ್ ಸಮಯದ 2020-21ರ ಸೀಸನ್‌ನಲ್ಲಿ ಗ್ಯಾಲರಿ ಖಾಲಿ ಇದ್ದಾಗ ಈ ಲಾಭ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಪ್ರಯಾಣದ ಸುಸ್ತು, ಗೊತ್ತಿರುವ ರಿಂಗು, ಗೊತ್ತಿರುವ ಬೋರ್ಡು, ಇವೂ ಲೆಕ್ಕಕ್ಕೆ ಬರುತ್ತವೆ ಅಲ್ವಾ.

ಜನ ಎಷ್ಟು ಮಾಡಬಲ್ಲರು, ಎಲ್ಲಿ ಅವರ ಕೈಲಿ ಏನೂ ಆಗುವುದಿಲ್ಲ ಅನ್ನುವುದಕ್ಕೆ ನಮ್ಮ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್‌ನ ಬಿ ಡಿವಿಷನ್ ಫೈನಲ್, ಭಾರತ ಮತ್ತು ಕಜಕಸ್ತಾನ. ಭಾರತ 75-73ರಲ್ಲಿ ಗೆದ್ದಿತು. ಎರಡೇ ಪಾಯಿಂಟ್. ಅಂಥ ಮ್ಯಾಚಿನಲ್ಲಿ ಗ್ಯಾಲರಿ ಒಂದು ಪಾಯಿಂಟನ್ನಾದರೂ ಕೊಟ್ಟಿರುತ್ತದೆ ಅಂತ ನನ್ನ ನಂಬಿಕೆ. ಎರಡು ವರ್ಷ ಬಿಟ್ಟು 2019ರಲ್ಲಿ ಅದೇ ಕಂಠೀರವ, ಈ ಸಲ ಮೇಲಿನ ಡಿವಿಷನ್. ಜಪಾನ್, ಚೀನಾ, ಕೊರಿಯಾ ಎಲ್ಲ ಬಂದಿದ್ದವು. ಎಂಟು ತಂಡಗಳಲ್ಲಿ ಭಾರತ ಎಂಟನೆಯದು. ಊರು ಅದೇ, ಅಂಗಳ ಅದೇ. ಅಂದರೆ ಎರಡು, ನಾಲ್ಕು ಪಾಯಿಂಟಿನ ಮ್ಯಾಚನ್ನು ಜನ ಅತ್ತಿತ್ತ ಮಾಡಬಹುದು. ಮೂವತ್ತು ಪಾಯಿಂಟಿನ ಅಂತರವನ್ನು ಅಲ್ಲ. ಹಾಗಾಗಿ ಮೊದಲು ಪ್ರಾಕ್ಟೀಸ್‌ನಲ್ಲಿ ಡಿಫೆನ್ಸ್ ಗಟ್ಟಿ ಮಾಡಿ ಮ್ಯಾಚನ್ನು ಹತ್ತಿರಕ್ಕೆ ತರಬೇಕು, ಜನರ ವಿಚಾರ ಆಮೇಲೆ.

ಅಕ್ಕಪಕ್ಕದ ಕಾಲೇಜುಗಳನ್ನು ಕರೆಸಿ ಫ್ರೆಂಡ್ಲಿ ಮ್ಯಾಚ್ ಇಟ್ಟೆ. ಮೂರು ಗಂಟೆಗೆ ಇಟ್ಟರೆ ಲ್ಯಾಬು, ನಾಲ್ಕೂವರೆಗೆ ಇಟ್ಟರೆ ಕಾಲೇಜು ಬಸ್ಸು ಹೊರಡುತ್ತದೆ. ಕೊನೆಗೆ ಐದೂವರೆ. ಡೇ ಸ್ಕಾಲರ್ಸ್ ಆಸೆ ಬಿಟ್ಟು ಹಾಸ್ಟೆಲ್‌ನವರನ್ನೇ ನಂಬಿಕೊಂಡೆ. ಕ್ಯಾಂಟೀನ್ ಅಣ್ಣನಿಗೆ ಹೇಳಿ ಕೋರ್ಟ್ ಪಕ್ಕದಲ್ಲೇ ಬೋಂಡ, ಟೀ ಇಡಿಸಿದೆ. ನೋಟಿಸ್ ಬೋರ್ಡ್‌ನಲ್ಲಿ ಆಟಗಾರರ ಹೆಸರಿನ ಮುಂದೆ ಅವರ ಕ್ಲಾಸೂ ಬರೆಸಿದೆ. ಬಾಸ್ಕೆಟ್‌ಬಾಲ್ ಬಗ್ಗೆ ತಲೆಬುಡ ಗೊತ್ತಿಲ್ಲದವನೂ "ನಮ್ಮ ಕ್ಲಾಸಿನವನು ಆಡ್ತಾನಂತೆ" ಅಂದರೆ ಬರುತ್ತಾನೆ. ಇನ್ನೊಂದು, ಇದು ಚಿಕ್ಕದು ಅನಿಸಬಹುದು, ಆದರೆ ನನಗೆ ಬಹಳ ಉಪಯೋಗಕ್ಕೆ ಬಂತು. ಗ್ಯಾಲರಿಯ ದೂರದ ಅರ್ಧಕ್ಕೆ ಹಗ್ಗ ಕಟ್ಟಿಸಿ ಎಲ್ಲರನ್ನೂ ಎದುರಾಳಿ ಬೆಂಚಿನ ಹಿಂದೆ ಒತ್ತಾಗಿ ಕೂರಿಸಿದೆ. ಇನ್ನೂರು ಜನ ಚದುರಿ ಕೂತರೆ ಸಂತೆ. ನಲವತ್ತು ಜನ ಲೈನ್ ಪಕ್ಕದಲ್ಲಿ ಒಟ್ಟಿಗೆ ಕೂತರೆ ಆಡುವವನಿಗೆ ಬಿಸಿ ತಟ್ಟುತ್ತದೆ.

ಹಾಸ್ಟೆಲ್ ಹುಡುಗರು ಗಣೇಶನ ಹಬ್ಬಕ್ಕೆ ತಂದಿದ್ದ ತಮಟೆಗಳನ್ನು ಹಿಡಿದುಕೊಂಡು ಬಂದರು. ನನಗೂ ಖುಷಿಯಾಯಿತು. ಮ್ಯಾಚ್ ಶುರುವಾಯಿತು, ನಮ್ಮ ಗಾರ್ಡ್ ಬಾಲ್ ತಗೊಂಡು ಬರುತ್ತಿದ್ದಾನೆ, ತಮಟೆ ಜೋರಾಯಿತು, ಅವನ ಡ್ರಿಬಲ್ ಕೂಡ ತಮಟೆ ಏಟಿಗೆ ಸರಿಯಾಗಿ ಜೋರಾಯಿತು. ಬಾಲ್ ನೆಲಕ್ಕೆ ಬಡಿಯುವುದೂ ಕೋಲು ಬಡಿಯುವುದೂ ಒಂದೇ ಸಲ! ಒಂದು ಅಟ್ಯಾಕ್‌ಗೆ 24 ಸೆಕೆಂಡ್ ಇರುತ್ತದೆ. ನಮ್ಮವರು ಆರೇಳು ಸೆಕೆಂಡಿಗೆ ಶಾಟ್ ಹೊಡೆದು ಮುಗಿಸುತ್ತಿದ್ದರು. ನಾನು ಬೆಂಚಿನಿಂದ "ನಿಧಾನ, ನಿಧಾನ" ಅಂತ ಕಿರುಚಿದರೆ ಅದೂ ಆ ಗದ್ದಲದಲ್ಲಿ ಹುರಿದುಂಬಿಸಿದ ಹಾಗೇ ಕೇಳಿಸುತ್ತಿತ್ತೋ ಏನೋ.

ಅಲ್ಲಿ ನನಗೆ ಗೊತ್ತಾದದ್ದು ಇಷ್ಟು. ಶೂಟಿಂಗ್ ಮಣಿಕಟ್ಟಿನ ಕೆಲಸ, ಅದಕ್ಕೆ ಸಮಾಧಾನ ಬೇಕು. ಕೂಗಿದರೆ ಅದು ಸುಧಾರಿಸುವುದಿಲ್ಲ, ಹೊಸಬರಿಗಂತೂ ಕೆಡುತ್ತದೆ. ಡಿಫೆನ್ಸ್ ಕಾಲಿನ ಕೆಲಸ, ಮೊಂಡುತನದ ಕೆಲಸ. ಬಗ್ಗಿ ನಿಂತು ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತಾ ಇದ್ದರೆ ತೊಡೆ ಉರಿಯುತ್ತದೆ, ಆಗ ಇನ್ನೆರಡು ಹೆಜ್ಜೆ ಹಾಕಿಸುವುದು ಕೂಗಾಟವೇ. ಉರುಳಿ ಹೋಗುವ ಬಾಲ್ ಹಿಂದೆ ಸಿಮೆಂಟ್ ಮೇಲೆ ಮೊಣಕೈ ಕೆರೆದುಕೊಂಡು ಬೀಳುವುದು ಯಾರಾದರೂ ನೋಡುತ್ತಿದ್ದರೆ ಮಾತ್ರ, ಸುಮ್ನೆ ಹೇಳುತ್ತಿಲ್ಲ. ಶಾಟ್ ಬೀಳದ ದಿನ ಸೋಲುವ ತಂಡದ ಕೈಲಿ ಉಳಿಯುವುದೂ ಇದೇ, ಡಿಫೆನ್ಸ್ ಮತ್ತು ರೀಬೌಂಡ್.

ತಮಟೆಯವರನ್ನು ಕರೆದು ಒಂದೇ ಮಾತು ಹೇಳಿದೆ. ಬಾಲ್ ಅವರ ಕೈಲಿದ್ದಾಗ ಬಾರಿಸಿ, ನಮ್ಮ ಕೈಗೆ ಬಂದ ತಕ್ಷಣ ನಿಲ್ಲಿಸಿ. "ಸಾರ್, ಉಲ್ಟಾ ಆಗಲ್ವಾ?" ಅಂದ ಒಬ್ಬ. ನಮ್ಮವರು ಪಾಯಿಂಟ್ ಹೊಡೆಯುವಾಗಲೇ ಬಾರಿಸಬಾರದು ಅಂದರೆ ಅವನಿಗೆ ಅರ್ಥವೇ ಆಗಲಿಲ್ಲ. ಪಾಯಿಂಟ್ ಬಿದ್ದ ಮೇಲೆ ಎಷ್ಟು ಬೇಕಾದರೂ ಬಾರಿಸಿ, ಆಗ ಹೇಗೂ ಬಾಲ್ ಅವರದೇ ಅಲ್ವಾ ಅಂದ ಮೇಲೆ ಒಪ್ಪಿದ. ಅಲ್ಲಿಂದ ಆಟ ಬೇರೆಯಾಯಿತು. ಎದುರಾಳಿ ಎಂಟು ಸೆಕೆಂಡಿನೊಳಗೆ ಹಾಫ್ ಲೈನ್ ದಾಟಬೇಕು, ತಮಟೆ ಸದ್ದಿಗೆ ಅವರ ಗಾರ್ಡ್ ಕೂಗಿ ಹೇಳಿದ್ದು ಅವರ ಹುಡುಗರಿಗೇ ಕೇಳಿಸುತ್ತಿರಲಿಲ್ಲ. ನಮ್ಮ ಹುಡುಗರಿಗೆ ತಮಟೆ ಅಂದರೆ ಬಗ್ಗಿ ನಿಲ್ಲು ಅಂತ ಆಯಿತು, ತಮಟೆ ನಿಂತ ಕೂಡಲೇ ನಿಧಾನ ಅಂತ ಆಯಿತು. ಫ್ರೆಂಡ್ಲಿ ಮ್ಯಾಚಿಗೆ ಶಾಟ್ ಕ್ಲಾಕ್ ಬೋರ್ಡ್ ಇರುತ್ತಿರಲಿಲ್ಲ, ಹಾಗಾಗಿ ಗ್ಯಾಲರಿಯೇ ಎಣಿಸುತ್ತಿತ್ತು. ಇನ್ನೂ ಹತ್ತು ಸೆಕೆಂಡ್ ಇರುವಾಗಲೇ "ಐದು, ನಾಲ್ಕು, ಮೂರು..." ಎದುರಾಳಿ ಗಾಬರಿಯಾಗಿ ಎಲ್ಲಿಂದಲೋ ಎಸೆಯುತ್ತಿದ್ದ. ಇದು ಆಟದ ತುಂಟಾಟ, ಬೈಗುಳ ಅಲ್ಲ. ನಾನು ತಡೆಯಲಿಲ್ಲ.

ಸಿಳ್ಳೆ ಮಾತ್ರ ನಿಲ್ಲಿಸಿದೆ. ಬೆರಳಿಟ್ಟು ಹೊಡೆಯುವ ಸಿಳ್ಳೆ ರೆಫರಿ ವಿಷಲ್ ಥರವೇ ಕೇಳಿಸುತ್ತದೆ. ಒಮ್ಮೆ ನಮ್ಮ ಹುಡುಗನೇ ಒಬ್ಬನೇ ಲೇಅಪ್‌ಗೆ, ಅಂದರೆ ರಿಂಗಿನ ಹತ್ತಿರ ಓಡಿ ಹೋಗಿ ಬಾಲ್ ಹಾಕಲು, ಹೋಗುತ್ತಿದ್ದವನು ಸಿಳ್ಳೆ ಕೇಳಿ ಫೌಲ್ ಕೊಟ್ಟರು ಅಂದುಕೊಂಡು ನಿಂತುಬಿಟ್ಟ. ಬಾಲ್ ಕಿತ್ತುಕೊಂಡು ಹೋದರು.

ಕೂಗಿಗಿಂತ ಕೆಟ್ಟದ್ದು "ಅಯ್ಯೋ...". ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಯಾರೂ ಅಡ್ಡ ಬರದೆ ಗೆರೆ ಹಿಂದೆ ನಿಂತು ಹೊಡೆಯುವ ಶಾಟ್, ತಪ್ಪಿದಾಗ ಇಡೀ ಗ್ಯಾಲರಿ ಒಟ್ಟಿಗೆ ಬಿಡುವ ಆ ಒಂದು ಉಸಿರು. ಎದುರಾಳಿ ಊರಿನಲ್ಲಿ ಬೈಸಿಕೊಂಡರೆ ಹುಡುಗರಿಗೆ ರೋಷ ಬರುತ್ತದೆ, ಸ್ವಂತ ಜನ ಅಯ್ಯೋ ಅಂದರೆ ಕುಸಿಯುತ್ತಾರೆ. ಅದನ್ನು ಕಂಡುಹಿಡಿಯುವುದು ಸುಲಭ. ಹುಡುಗನ ಕಣ್ಣು ಗ್ಯಾಲರಿ ಕಡೆ ಹೋಗುತ್ತದೆ, ಮುಂದಿನ ಸಲ ಓಪನ್ ಇದ್ದರೂ ಶಾಟ್ ಹೊಡೆಯದೆ ಪಾಸ್ ಕೊಡುತ್ತಾನೆ. ಹಾಗೆ ಪಾಸ್ ಕೊಟ್ಟ ಕೂಡಲೇ ನಾನು ಒಂದು ನಿಮಿಷ ಹೊರಗೆ ಕರೆದು ನೀರು ಕುಡಿಸಿ ಮತ್ತೆ ಕಳಿಸುತ್ತೇನೆ, ಏನೂ ಬೈಯುವುದಿಲ್ಲ.

ಗ್ಯಾಲರಿ ಸರಿಮಾಡಿದ್ದು ನಾನಲ್ಲ, ನಮ್ಮ ಕಾಲೇಜಿನ ಹುಡುಗೀರ ತಂಡ. ಅವರಿಗೆ ಆಟ ಗೊತ್ತು, ಯಾವಾಗ ಚಪ್ಪಾಳೆ ಹೊಡೆಯಬೇಕು ಅಂತ ಗೊತ್ತು. ಅವರನ್ನು ಮುಂದಿನ ಮೆಟ್ಟಿಲಲ್ಲಿ ಹಂಚಿ ಕೂರಿಸಿದೆ. ಶಾಟ್ ತಪ್ಪಿದ ಕೂಡಲೇ ಅಯ್ಯೋ ಅನ್ನುವ ಮೊದಲೇ "ವಾಪಸ್ ಓಡು, ವಾಪಸ್ ಓಡು" ಅಂತ ಅವರು ಶುರು ಮಾಡಬೇಕು, ಉಳಿದವರು ಹಿಂದೆಯೇ ಸೇರಿಕೊಳ್ಳುತ್ತಾರೆ. ಹಿಂದೆ ಕೂತ ಒಬ್ಬ ಕೊಂಕು ತೆಗೆದಾಗ ಅವರ ಕ್ಯಾಪ್ಟನ್ ತಿರುಗಿ, "ಲೋ, ಅಷ್ಟು ಈಸಿ ಅನಿಸಿದ್ರೆ ಹಾಫ್ ಟೈಮಲ್ಲಿ ಬಂದು ನೀನು ಹಾಕು" ಅಂದಳು. ಅವನು ಬಂದ. ಹತ್ತರಲ್ಲಿ ಒಂದು ಬಿತ್ತು. ಆಮೇಲೆ ನಮ್ಮ ಫ್ರೀ ಥ್ರೋ ಬಂದಾಗ ಎಲ್ಲರನ್ನೂ ಸುಮ್ಮನಾಗಿಸುವ ಕೆಲಸ ಅವನೇ ವಹಿಸಿಕೊಂಡ!

ಎದುರಾಳಿ ಫ್ರೀ ಥ್ರೋಗೆ ಏನು ಮಾಡಬೇಕು ಅಂತ ಹುಡುಗರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು 2013ರಿಂದ ರಿಂಗ್ ಹಿಂದೆ ಕಪ್ಪು ಪರದೆ ಹಿಡಿದು, ಶೂಟ್ ಮಾಡುವ ಹೊತ್ತಿಗೆ ಸರಿಯಾಗಿ ಪರದೆ ತೆಗೆದು ಏನಾದರೂ ವೇಷ ತೋರಿಸುತ್ತಾರೆ. 2016ರಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಚಡ್ಡಿ ಮತ್ತು ಮೆಡಲ್‌ಗಳಲ್ಲಿ ಹೊರಗೆ ಬಂದ, ಎದುರಾಳಿ ಹುಡುಗ ಎರಡೂ ತಪ್ಪಿಸಿದ. ನಮ್ಮವರು ಹಾಸ್ಟೆಲ್ ಬೆಡ್‌ಶೀಟ್ ಹಿಡಿದು ಹುಲಿವೇಷ ಮಾಡುತ್ತೇವೆ ಅಂದರು. ಪ್ರಿನ್ಸಿಪಾಲರು ಬೇಡ ಅಂದರು. ನನಗೆ ಈಗಲೂ ಆಸೆ ಇದೆ.

ರೆಫರಿ ವಿಚಾರ ಬೇರೆ. ಹೋಮ್ ತಂಡದ ಲಾಭದಲ್ಲಿ ದೊಡ್ಡ ಪಾಲು ರೆಫರಿಗಳದ್ದು, ಜನರ ಗದ್ದಲಕ್ಕೆ ಅವರಿಗೇ ಗೊತ್ತಿಲ್ಲದೆ ಹೋಮ್ ತಂಡದ ಕಡೆ ವಾಲುತ್ತಾರೆ ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ಇರಬಹುದು. ನಮ್ಮ ಕಡೆ ನಾನು ಕಂಡದ್ದು, ಗ್ಯಾಲರಿಯಿಂದ ರೆಫರಿಯನ್ನು ಬೈದರೆ ಅವರು ಇನ್ನೂ ಬಿಗಿಯಾಗುತ್ತಾರೆ. ಆದ್ದರಿಂದ ನಮ್ಮಲ್ಲಿ ರೆಫರಿ ಬಗ್ಗೆ ಒಂದು ಮಾತೂ ಇಲ್ಲ.

ಪ್ರಾಕ್ಟೀಸ್‌ನಲ್ಲೂ ವಾರಕ್ಕೊಮ್ಮೆ ತಮಟೆಯವರನ್ನು ಕರೆಸುತ್ತಿದ್ದೆ. ಆ ದಿನ ಬಾಯಲ್ಲಿ ಏನೂ ಹೇಳುವ ಹಾಗಿಲ್ಲ, ಎಲ್ಲ ಕೈಸನ್ನೆ. ಮುಷ್ಟಿ ಅಂದರೆ ಝೋನ್, ಒಬ್ಬೊಬ್ಬರು ಒಂದೊಂದು ಜಾಗ ಕಾಯುವುದು. ತಲೆ ಮುಟ್ಟಿಕೊಂಡರೆ ಮ್ಯಾನ್ ಟು ಮ್ಯಾನ್, ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯುವುದು.

ಆ ವರ್ಷ ವಲಯ ಮಟ್ಟದ ಪಂದ್ಯಾವಳಿ ನಡೆಸುವ ಅವಕಾಶ ನಮ್ಮ ಕಾಲೇಜಿಗೇ ಸಿಕ್ಕಿತು. ಮೊದಲ ಮ್ಯಾಚ್, ಹಿಂದಿನ ಸಲ ನಮ್ಮನ್ನು ಚೆನ್ನಾಗಿ ಬಡಿದಿದ್ದ ತಂಡದ ಜೊತೆಗೇ. ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟ್ ಮುಂದಿದ್ದೆವು, ವಾಲಿಬಾಲ್ ಹುಡುಗನಿಗೆ ಎರಡು ಫ್ರೀ ಥ್ರೋ. ಗ್ಯಾಲರಿ ಪೂರ್ತಿ ಸೈಲೆಂಟ್, ಬೋಂಡ ಕರಿಯುವ ಸದ್ದು ಕೇಳುತ್ತಿತ್ತು. ಮೊದಲನೆಯದು ತಪ್ಪಿತು, ಯಾರೂ ಉಸಿರೆತ್ತಲಿಲ್ಲ. ಎರಡನೆಯದು ಬಿತ್ತು. ತಮಟೆ ಶುರು. ಎದುರಾಳಿ ಇಡೀ 24 ಸೆಕೆಂಡ್ ಬಾಲ್ ಆಡಿಸಿದರು, ನಮ್ಮ ಐದೂ ಜನ ಬಗ್ಗಿದವರು ಎದ್ದೇಳಲಿಲ್ಲ, ಕಡೆಗೆ ಮೂಲೆಯಿಂದ ಒತ್ತಡದಲ್ಲಿ ಎಸೆದ ಶಾಟ್ ಬೋರ್ಡಿಗೆ ತಗಲಿ ಮೇಲೆ ಹೋಯಿತು. ವಾಲಿಬಾಲ್ ಹುಡುಗ ಜಿಗಿದು ಈ ಸಲ ತಟ್ಟಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡ. ಗೆದ್ದೆವು.

ಮರುದಿನ ಸೆಮಿಫೈನಲ್. ಎದುರು ತಂಡದಲ್ಲಿ ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿ ತಯಾರಾದ ಹುಡುಗರು. ಮೊದಲ ಕ್ವಾರ್ಟರ್‌ನಲ್ಲೇ ಮ್ಯಾಚ್ ಕೈಬಿಟ್ಟಿತು. ತಮಟೆಯವರು ಕೊನೆಯವರೆಗೂ ಬಾರಿಸಿದರು, ಏನೂ ಆಗಲಿಲ್ಲ. ಆ ಹುಡುಗರು ಸನ್ನೆಯಲ್ಲೇ ಆಡುತ್ತಿದ್ದರು, ಸದ್ದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ಈ ವರ್ಷ ಪಂದ್ಯಾವಳಿ ಬೇರೆ ಕಾಲೇಜಿನಲ್ಲಿ. ಹುಡುಗೀರ ಮ್ಯಾಚೂ ಅಲ್ಲೇ ಇದೆ, ಹಾಗಾಗಿ ಎರಡೂ ತಂಡ ಒಂದೇ ಬಸ್ಸಿನಲ್ಲಿ ಹೋಗುವ ಹಾಗೆ ಅರ್ಜಿ ಹಾಕಿದ್ದೇನೆ. ತಮಟೆಗೆ ಅನುಮತಿ ಸಿಗುವುದು ಅನುಮಾನ. ಸಿಗದಿದ್ದರೆ ಬೆಂಚಿನಲ್ಲಿ ಕೂತ ಏಳು ಜನರೇ ನಮ್ಮ ಗ್ಯಾಲರಿ, ಅವರಿಗೆ ಯಾವಾಗ ಕೂಗಬೇಕು ಅಂತ ಈಗಲೇ ಪ್ರಾಕ್ಟೀಸ್ ಮಾಡಿಸುತ್ತಿದ್ದೇನೆ.